ಮುಳ್ಳು ಬಿಡಿಸಿ ಉಣಿಸಿದ್ದು

ಉಪ್ಪು ಹಾಕದೆ ಬೇಯಿಸಿದ ಕೋಳಿಗೆ ಒಂದು ವಾಸನೆ ಇದೆ. ಮಸಾಲೆ ಇಲ್ಲ, ಒಗ್ಗರಣೆ ಇಲ್ಲ, ಬರೀ ಮಾಂಸದ ಸಪ್ಪೆ ಹಬೆ. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿರುವ ಮಗನ ಫ್ಲ್ಯಾಟಿನಲ್ಲಿ ಹೋದ ತಿಂಗಳು ಒಂದು ಬೆಳಿಗ್ಗೆ ಆ ವಾಸನೆ ಬಂತು. ಮೊಮ್ಮಗಳು ಬೀದಿಯಿಂದ ಬೆಕ್ಕಿನ ಮರಿ ತಂದಿದ್ದಳು. ಅದಕ್ಕೆಂದು ಕೋಳಿ ಬೇಯುತ್ತಿತ್ತು. "ಅಜ್ಜಾ, ಬೋನ್ಸ್ ತೆಗ್ದು ಕೊಡಿ, ಪ್ಲೀಸ್," ಎಂದು ತಟ್ಟೆಯನ್ನು ನನ್ನ ಮುಂದಿಟ್ಟಳು. ನನ್ನ ಕೈ ಮೇಲೇಳಲಿಲ್ಲ. "ನಂಗಾಪುದಿಲ್ಲ ಮಗಾ," ಎಂದು ಬಾಲ್ಕನಿಗೆ ಹೋಗಿ ನಿಂತೆ. ಹುಲಿ ಟೀಚರ್ ನೆನಪಾದರು...

ಅವರು ಟೀಚರ್ ಆಗಿರಲಿಲ್ಲ. ಹುಲಿಗೂ ಅವರಿಗೂ ಸಂಬಂಧವಿರಲಿಲ್ಲ. ಮಂಗಳೂರು ಕಡೆಯ ಹೆಂಗಸು. ಆಫ್ರಿಕಾದ ಹುಲ್ಲುಬಯಲಿನಲ್ಲಿ ಸಿಂಹ, ಕತ್ತೆಕಿರುಬ, ಚೀತಾಗಳ ಹಿಂದೆ ವರ್ಷಗಟ್ಟಲೆ ಜೀಪಿನಲ್ಲಿ ಅಲೆದು ಅಧ್ಯಯನ ಮಾಡಿದವರು. ಅಲ್ಲಿ ತಾಯಿಯಿಂದ ಕಿತ್ತ ಚೀತಾ ಮರಿಗಳನ್ನು ಕದ್ದು ದೋಣಿಯಲ್ಲಿ ಸಮುದ್ರ ದಾಟಿಸುತ್ತಾರೆ, ಶೋಕಿಗೆ ಸಾಕುವವರಿಗೆ ಮಾರುತ್ತಾರೆ. ಆ ಮರಿಗಳ ಜಾಡು ಹಿಡಿದು ಅವರು ಆಗ ನಾನು ಕೆಲಸಕ್ಕಿದ್ದ ಅಲ್ ಐನ್‌ಗೆ ಬಂದಿದ್ದರು. ನಮ್ಮ ಪರಿಚಯವಾದದ್ದು ಕುಚ್ಚಲಕ್ಕಿ ಸಿಗುವ ಅಂಗಡಿಯಲ್ಲಿ. ಅಲ್ಲಿ ಸೇರುತ್ತಿದ್ದ ನಮ್ಮ ಕಡೆಯ ಮಕ್ಕಳಿಗೆ ಅವರು ಫೋಟೊ ತೋರಿಸಿ ಪಾಠ ಹೇಳುತ್ತಿದ್ದರು. ಹಾಗಾಗಿ ನಾನು ಹುಲಿ ಟೀಚರ್ ಎಂದು ಕರೆದೆ.

"ಆಫ್ರಿಕಾದಲ್ಲಿ ಹುಲಿಯೇ ಇಲ್ಲ ಮಾರಾಯ್ರೆ!"

"ನಮ್ಮ ಕುಂದಾಪುರದಲ್ಲಿ ಬೆಕ್ಕಿಗಿಂತ ದೊಡ್ಡದೆಲ್ಲ ಹುಲಿಯೇ, ಟೀಚರ್."

ಅವರು ಅಕ್ಕಿಯ ಚೀಲ ಹಿಡಿದುಕೊಂಡೇ ನಕ್ಕರು. ಚೀತಾಗಳನ್ನು ಬಾಲದ ಉಂಗುರಗಳಿಂದ ಒಂದೊಂದಾಗಿ ಗುರುತಿಸಬಹುದು ಎಂದು ನನಗೆ ಕಲಿಸಿದವರು ಅವರೇ. ತಾಯಿ ಬೇಟೆಗೆ ಹೋದಾಗ ಮರಿಗಳು ಹುಲ್ಲಿನಲ್ಲಿ ಉಸಿರು ಬಿಗಿಹಿಡಿದು ಕೂರುತ್ತವಂತೆ. ಅವು ಗರ್ಜಿಸುವುದಿಲ್ಲವಂತೆ, ಹಕ್ಕಿಯ ಹಾಗೆ ಚಿಲಿಪಿಲಿಗುಟ್ಟಿ ತಾಯಿಯನ್ನು ಕರೆಯುತ್ತವಂತೆ. ನಾನು ಮೊದಲ ಸಲ ಕೇಳಿದವನ ಹಾಗೆ ತಲೆಯಾಡಿಸಿದೆ. ನಿಜವಾಗಿ ಆ ಚಿಲಿಪಿಲಿಯನ್ನು ನಾನು ಅದೇ ಬೆಳಿಗ್ಗೆ ಕೇಳಿದ್ದೆ...

ಆಗ ನಾನು ಊರಾಚೆಯ ಒಂದು ತೋಟದಲ್ಲಿ ಡ್ರೈವರ್, ಕಾವಲುಗಾರ, ಎಲ್ಲವೂ. ಮಾಲೀಕರ ಕಿರಿಯ ಮಗ ಒಂದು ದಿನ ರಟ್ಟಿನ ಪೆಟ್ಟಿಗೆ ತಂದು ನನ್ನ ಕೈಗಿಟ್ಟಿದ್ದ. ಒಳಗೆ ಬೆನ್ನ ಮೇಲೆ ಬೂದುಬಣ್ಣದ ಜೂಲು ಇದ್ದ ಚೀತಾ ಮರಿ. ಇಂಥ ಪ್ರಾಣಿಗಳನ್ನು ಮನೆಯಲ್ಲಿ ಸಾಕಬಾರದೆಂಬ ಕಾನೂನು ಆಗಲೇ ಬಂದಿತ್ತು. ಹುಡುಗ ದುಷ್ಟನಲ್ಲ, ಆಸೆಪಟ್ಟು ತಂದ, ಆಮೇಲೆ ಹೆದರಿದ. "ಯಾರಾದರೂ ಕೇಳಿದರೆ ಮಾಫಿ, ಖಲಾಸ್," ಎಂದ. ಮಾಫಿ ಎಂದರೆ ಇಲ್ಲಿಯ ಅರಬ್ಬಿಯಲ್ಲಿ 'ಇಲ್ಲ' ಎಂದು. ಬಾಯಿಬಿಟ್ಟರೆ ನನ್ನ ವೀಸಾ ಕೂಡ ಖಲಾಸ್ ಎಂಬುದನ್ನು ಅವನು ಹೇಳಬೇಕಾಗಿರಲಿಲ್ಲ.

ಮರಿಯನ್ನು ಉಗ್ರಾಣದಲ್ಲಿಟ್ಟು ಸಾಕಿದೆ. ನನ್ನ ಸ್ವಂತ ಮಕ್ಕಳು ಊರಿನಲ್ಲಿ ಬೆಳೆದರು. ಅವರಿಗೆ ನಾನು ಕೈತುತ್ತು ಕೊಟ್ಟದ್ದು ರಜೆಯಲ್ಲಿ ಮಾತ್ರ. ನಮ್ಮ ಕಡೆ ಮಗುವಿಗೆ ಮೀನು ಕೊಡುವಾಗ ಮುಳ್ಳನ್ನು ಒಂದೊಂದಾಗಿ ಬಿಡಿಸಿ, ಬೆರಳಿನಿಂದ ಮತ್ತೊಮ್ಮೆ ಹಿಸುಕಿ ನೋಡಿ ಬಾಯಿಗಿಡುತ್ತೇವೆ. ಈ ಮರಿಗೂ ಹಾಗೆಯೇ ಮಾಡಿದೆ. ಕೋಳಿ ಬೇಯಿಸಿ, ಮೂಳೆಯ ಚೂರೂ ಉಳಿಯದಂತೆ ಬಿಡಿಸಿ ತಿನ್ನಿಸಿದೆ. ಅದು ನನ್ನ ಅಂಗೈ ನೆಕ್ಕುತ್ತಿತ್ತು. ಗೋಡೆಯಿಂದ ಗೋಡೆಗೆ ಓಡುತ್ತಿತ್ತು.

ಹುಡುಗ ಮೊಬೈಲಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದ ಮರಿಯ ಒಂದು ಫೋಟೊದಲ್ಲಿ ನಮ್ಮ ತೋಟದ ನೀರಿನ ಟ್ಯಾಂಕ್ ಕಂಡಿತ್ತು. ಟೀಚರ್ ಅದನ್ನು ಗುರುತು ಹಿಡಿದು ಒಂದು ಮಧ್ಯಾಹ್ನ ಗೇಟಿನ ಮುಂದೆ ಬಂದು ನಿಂತರು. ನನ್ನನ್ನು ಅಲ್ಲಿ ನೋಡಿ ಅವರ ಮುಖ ಒಂದು ಕ್ಷಣ ಅರಳಿತು.

"ಓ, ನೀವಾ ಅಣ್ಣಾ! ಒಳಗೆ ಮರಿ ಉಂಟಾ?"

"ಮಾಫಿ," ಎಂದೆ. ಕನ್ನಡದಲ್ಲಿ ಇಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ.

"ಮಾಫಿ ಯಾಕೆ ಕೇಳ್ತೀರಿ? ನೀವೇನು ತಪ್ಪು ಮಾಡಿದ್ರಿ?"

ಅವರಿಗೆ ಅರಬ್ಬಿಯ ಅರ್ಥ ಗೊತ್ತಿರಲಿಲ್ಲವೋ, ಗೊತ್ತಿದ್ದೇ ಕೇಳಿದರೋ... ಅಷ್ಟರಲ್ಲಿ ಉಗ್ರಾಣದಿಂದ ಚಿಲಿಪಿಲಿ ಕೇಳಿಸಿತು.

"ಹಕ್ಕಿ. ಲವ್ ಬರ್ಡ್ಸ್," ಎಂದೆ.

ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡರು. ಮತ್ತೊಮ್ಮೆ ಚಿಲಿಪಿಲಿ. ಗೇಟಿನ ಸರಳು ಹಿಡಿದಿದ್ದ ಅವರ ಬೆರಳುಗಳು ಬಿಳಿಚಿಕೊಂಡವು. ಜೋರು ಮಾಡಿದರೆ ರಾತ್ರೋರಾತ್ರಿ ಮರಿಯನ್ನೇ ಮಾಯ ಮಾಡುತ್ತಾರೆಂಬ ಭಯ ಅವರಿಗೆ. ಹಿಂದೆ ಹಾಗೆ ಆದದ್ದನ್ನು ಕಂಡಿದ್ದರು.

"ಆಯ್ತು. ನಾನು ದೂರು ಕೊಡುದಿಲ್ಲ. ನೀವೇ ಕರೀರಿ, ಓಡಿ ಬರ್ತೇನೆ. ಆದ್ರೆ ತಡ ಮಾಡ್ಬೇಡಿ ಅಣ್ಣಾ."

ತಡ ಮಾಡಿದೆ. ವಾರಗಳು ಹೋದವು. ಮರಿಯ ಮುಂಗಾಲು ಬಿಲ್ಲಿನ ಹಾಗೆ ಬಾಗತೊಡಗಿತು. ಮಾಂಸ ಸಾಲದೇನೋ ಎಂದು ಇನ್ನಷ್ಟು ಬಿಡಿಸಿ ಕೊಟ್ಟೆ. ಒಂದು ಬೆಳಿಗ್ಗೆ ಮಣೆಯ ಮೇಲಿನಿಂದ ಇಳಿಯುವಾಗ ಒಣಕಡ್ಡಿ ಮುರಿದಂಥ ಸದ್ದು. ಅದು ಕೂಗಿದ್ದು ಹಕ್ಕಿಯ ಹಾಗಿರಲಿಲ್ಲ. ಆಗ ಫೋನ್ ಮಾಡಿದೆ.

ಟೀಚರ್ ಪ್ರಾಣಿವೈದ್ಯರೊಬ್ಬರನ್ನು ಕರೆದುಕೊಂಡು ಬಂದರು. ನೆಲದ ಮೇಲೆ ಕೂತು, ಮರಿಯ ಕಾಲನ್ನು ಮುಟ್ಟಿಯೂ ಮುಟ್ಟದ ಹಾಗೆ ಹಿಡಿದರು.

"ಎಂತ ತಿನ್ನಿಸಿದ್ದು?"

ನಾನು ಹೆಮ್ಮೆಯಿಂದಲೇ ಹೇಳಿದೆ: "ಒಂದು ಮುಳ್ಳು ಸಹ ಇಲ್ಲದ ಹಾಂಗೆ ಬಿಡ್ಸಿ ಕೊಟ್ಟಿದೆ, ಟೀಚರ್."

ಅವರು ಹಿಡಿದಿದ್ದ ಕಾಲನ್ನು ನೆಲಕ್ಕೆ ಇಳಿಸಿದರು. ಆಮೇಲೆ ಮೆಲ್ಲಗೆ, "ಇದಕ್ಕೆ ಮೂಳೆಯೇ ಬೇಕಿತ್ತು ಅಣ್ಣಾ. ಮೂಳೆ ತಿಂದ್ರೇ ಮೂಳೆ ಬೆಳೆಯುದು," ಎಂದರು.

ಮುಂಗಾಲು ಮಾತ್ರವಲ್ಲ, ಬೆನ್ನೆಲುಬೂ ಕುಸಿದಿತ್ತು. ನರಳುವುದನ್ನು ನಿಲ್ಲಿಸಲು ವೈದ್ಯರು ಸೂಜಿ ಚುಚ್ಚಿ ಅದನ್ನು ಸಾಯಿಸಬೇಕಾಯಿತು. ಅದಕ್ಕೆ ಮೊದಲು ಟೀಚರ್ ನನ್ನ ಕಡೆ ತಿರುಗಿ ಕೇಳಿದರು: "ನಾನು ಗೇಟಿಗೆ ಬಂದ ದಿನ ಇದರ ಕಾಲು ಹೇಗಿತ್ತು? ನಿಜ ಹೇಳಿ. ಆಗ ಸಿಕ್ಕಿದ್ರೆ ಉಳಿಸ್ಬಹುದಿತ್ತು."

ಆ ದಿನ ಅದು ಓಡುತ್ತಿತ್ತು.

"ಆಗ್ಳೇ ಬಿದ್ದಿತ್ತು. ಏಳ್ತಾ ಇರ್ಲಿಲ್ಲ," ಎಂದೆ.

ಅವರ ಭುಜ ಸ್ವಲ್ಪ ಇಳಿಯಿತು. "ಹಾಗಾದ್ರೆ ಕಾದದ್ರಿಂದ ನಷ್ಟ ಆಗ್ಲಿಲ್ಲ," ಎಂದು ತಮಗೆ ತಾವೇ ಹೇಳಿಕೊಂಡರು. ನನ್ನನ್ನು ಬೈಯಲಿಲ್ಲ. ಸುಳ್ಳು ಹೇಳಿದ್ದು ನನ್ನನ್ನು ಉಳಿಸಿಕೊಳ್ಳಲು. ಅವರಿಗೂ ಸಮಾಧಾನವಾಯಿತಲ್ಲ ಎಂದು ಆಮೇಲೆ ನನಗೆ ನಾನೇ ನೆಪ ಹೇಳಿಕೊಂಡೆ...

ಅವರು ಮತ್ತೆ ಆಫ್ರಿಕಾಕ್ಕೆ ಹೋದರು. ಕಳೆದ ವರ್ಷ ಅಲ್ಲಿಯೇ, ಬಯಲಿನಲ್ಲಿ ಜೀಪು ಮಗುಚಿ ತೀರಿಕೊಂಡರು. ಅವರ ತಮ್ಮ ಇಲ್ಲೇ, ನಮ್ಮ ಬೀದಿಯಿಂದ ಎರಡು ಬೀದಿ ಆಚೆ ಇದ್ದಾನೆ. ಕೋಳಿಯ ವಾಸನೆ ಬಂದ ಆ ಸಂಜೆ ಅವನ ಮನೆಗೆ ಹೋದೆ. ಅವನು ಚಹಾ ಕೊಟ್ಟು ಅಕ್ಕನ ಸುದ್ದಿಯನ್ನೇ ಮಾತಾಡಿದ.

"ಕದ್ದ ಮರಿ ಹುಡುಕ್ಲಿಕ್ಕೆ ಹೋಗುವ ಹುಡುಗ್ರಿಗೆಲ್ಲ ಅಕ್ಕ ಒಂದೇ ಮಾತು ಹೇಳ್ತಿದ್ದದ್ದು ಮಾಮ. 'ನುಗ್ಗಬೇಡಿ, ಒಳಗಿನವ ತಾನಾಗಿ ಕರೀಲಿ, ಕಾಯಿರಿ. ಅಲ್ ಐನ್‌ನಲ್ಲಿ ನಾನು ಕಾದೆ, ಅದ್ರಿಂದ ಮರಿಗೇನೂ ನಷ್ಟ ಆಗ್ಲಿಲ್ಲ' ಅಂತ. ಅವರೆಲ್ಲ ಈಗ್ಲೂ ಹಾಗೇ ಕಾಯ್ತಾರೆ."

ಲೋಟ ಕೆಳಗಿಟ್ಟೆ. ಈಗಲೂ ಯಾವುದೋ ಗೇಟಿನ ಹೊರಗೆ ಯಾರೋ ನನ್ನ ಮಾತು ನಂಬಿ ಕಾಯುತ್ತಿದ್ದಾರೆ... ಎಲ್ಲವನ್ನೂ ಹೇಳಿದೆ. ಅದು ಓಡುತ್ತಿತ್ತು ಎಂದೆ. ಕಾಯಬೇಡಿ ಎಂದು ಆ ಹುಡುಗರಿಗೆ ತಿಳಿಸು ಎಂದೆ.

ಅವನು ಆಗಲೇ, ನನ್ನೆದುರಿಗೇ ಫೋನ್ ಮಾಡಿ ಅವರಿಗೆ ತಿಳಿಸಿದ. ಆಮೇಲೆ ನನ್ನ ಮುಖ ನೋಡದೆ ಕೇಳಿದ: "ಅಕ್ಕ ಇರುವಾಗ್ಲೇ ಹೇಳ್ಬಹುದಿತ್ತಲ್ಲ ಮಾಮ?"

ಹೇಳಬಹುದಿತ್ತು. ಪ್ರತಿ ಚೌತಿಗೆ ಅವರೇ ಫೋನ್ ಮಾಡುತ್ತಿದ್ದರು. ಸಿಂಹಗಳೆಲ್ಲ ಹೇಗಿವೆ ಎಂದು ಕೇಳುತ್ತಿದ್ದೆ. "ಚಂದ ಉಂಟು ಅಣ್ಣಾ. ನೀವು?" ಎನ್ನುತ್ತಿದ್ದರು. ನಾನೂ ಚೆನ್ನಾಗಿದ್ದೇನೆ ಎನ್ನುತ್ತಿದ್ದೆ.