ಅಳಿಯ ಮಾಡಿದ ಪರದೆ

ನಾನು ಅಜ್ಜಿಯಾದೆ! ಹೆಣ್ಣು ಮಗು. ತಲೆತುಂಬ ಕೂದಲು, ನಮ್ಮತ್ತೆಯದೇ ಮೂಗು. ಇವತ್ತು ಬೆಳಿಗ್ಗೆ ತಾಯಿ, ಮಗು ಇಬ್ಬರನ್ನೂ ಆಸ್ಪತ್ರೆಯಿಂದ ಮೇಲೂರಿನ ಮನೆಗೆ ಕರೆತಂದು, ಆರತಿ ಎತ್ತಿ ಒಳಗೆ ಕರೆದುಕೊಂಡೆವು. ಎದುರಿಗೆ ಸಿಕ್ಕವರಿಗೆಲ್ಲ ಸಕ್ಕರೆ ಹಂಚಿದೆ. ಹಾಲಿನವನಿಗೆ ಎರಡು ಸಲ ಕೊಟ್ಟೆನಂತೆ. ಇಷ್ಟು ಸಂತೋಷದಲ್ಲಿರುವವಳಿಗೆ ಕೋಪ ಯಾಕೆ ಎಂದು ನೀವು ಕೇಳಬಹುದು. ಹೇಳುತ್ತೇನೆ. ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ನನ್ನ ಓದು ಅಷ್ಟಕ್ಕಷ್ಟೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಡಿಸಿ, ರೇಷ್ಮೆ ಹುಳಕ್ಕೆ ಸೊಪ್ಪು ಹಾಕಲು ಕೂರಿಸಿದರು. ಇವಳಿಗೇಕೆ ಕಂಪ್ಯೂಟರಿನ ಮಾತು ಎನ್ನುವವರು ಎನ್ನಲಿ. ಹೆರಿಗೆ ಕೋಣೆಯಲ್ಲಿ ನಿಂತು ಕಣ್ಣಾರೆ ಕಂಡದ್ದನ್ನು ಹೇಳಲು ಯಾವ ಕ್ಲಾಸು ಬೇಕು?

ಮಗಳು ಸುಮಾಳನ್ನು ಮಂಚೇನಹಳ್ಳಿಗೆ ಕೊಟ್ಟಿದ್ದೇವೆ. ಚೊಚ್ಚಲ ಹೆರಿಗೆ ಅಲ್ಲವೇ, ತವರಿಗೆ ಬಂದಿದ್ದಳು. ನೋವು ಶುರುವಾಯಿತು, ಆಸ್ಪತ್ರೆಗೆ ಓಡಿದೆವು. ಅವಳ ತಪಾಸಣೆ, ರಕ್ತದ ಗುಂಪು, ಸ್ಕ್ಯಾನು ಎಲ್ಲವನ್ನೂ ಗಂಡನ ಮನೆಯ ಕಡೆಯ ಆಸ್ಪತ್ರೆಯಲ್ಲಿ ಕಂಪ್ಯೂಟರಿಗೆ ಹಾಕಿಸಿದ್ದರು. ಇಲ್ಲಿಯೂ ಅದೇ ಕಂಪ್ಯೂಟರಿನ ಏರ್ಪಾಟು. ಆದರೆ ಇಲ್ಲಿ ತೆರೆದರೆ ಪರದೆ ಒಪ್ಪದು. ಮಂಚೇನಹಳ್ಳಿಯವನ ಹೆಂಡತಿ ಮೇಲೂರಿನಲ್ಲಿ ಹೇಗಿರುತ್ತಾಳೆ ಎಂಬುದು ಅದರ ತಕರಾರು! ಎಲ್ಲವನ್ನೂ ಹೊಸದಾಗಿ ತುಂಬಬೇಕು. ಒಂದು ಜಾಗ ಖಾಲಿ ಬಿಟ್ಟರೆ ಕೆಂಪಗೆ ಗದರುತ್ತದೆ. ಹಿಂದಕ್ಕೆ ಹೋದರೆ ತುಂಬಿದ್ದೆಲ್ಲ ಅಳಿಸಿಹೋಗುತ್ತದೆ. ನರ್ಸ್ ನಾಗವೇಣಿ ಕೈಗವಸು ಕಳಚುತ್ತಾಳೆ, ಟೈಪು ಮಾಡುತ್ತಾಳೆ, ಮತ್ತೆ ಹೊಸ ಕೈಗವಸು ಹಾಕುತ್ತಾಳೆ.

"ಅಮ್ಮಾ, ನೀವೇ ಬೆನ್ನು ನೀವ್ತಾ ಇರಿ. ಇದು ಕೇಳಿದ್ದಕ್ಕೆಲ್ಲ ಉತ್ರ ಕೊಡ್ದಿದ್ರೆ ಔಷಧಿ ತಗಳಕ್ಕೂ ಬಿಡಲ್ಲ," ಎಂದಳು ಪಾಪ.

"ಸಿಸ್ಟರ್, ಅದನ್ನ ಬಿಟ್ಟು ಇತ್ಲಾಗೆ ನೋಡಿ!" ಎಂದು ಸುಮಾ ಕಿರುಚಿದಳು.

ನಾಗವೇಣಿ ಪರದೆಯನ್ನು ಗೋಡೆಗೆ ತಿರುಗಿಸಿ ಬಂದಳು. ಮಗು ಅವಳ ಕೈಗೇ ಬಂತು. ಇನ್ನೊಂದು ಗಳಿಗೆ ಅವಳು ಬೆನ್ನು ಮಾಡಿ ನಿಂತಿದ್ದರೆ? ಆ ಮಾತು ಬೇಡ. ಆದರೆ ತಡವಾಗಿ ತುಂಬಿದ್ದಕ್ಕೆ ಮೇಲಿನವರಿಂದ ಬೈಸಿಕೊಂಡವಳೂ ಅವಳೇ.

ಈ ಪರದೆ ಮಾಡಿದ ಪುಣ್ಯಾತ್ಮ ಯಾರೆಂದು ಹೊರಗೆ ಬಂದು ಕೇಳಿದೆ. ಬೆಂಚಿನ ಮೇಲೆ ಬೆವರುತ್ತಾ ಕೂತಿದ್ದ ಪುಣ್ಯಾತ್ಮ ತಲೆ ತಗ್ಗಿಸಿದ. ನನ್ನ ಅಳಿಯ ಪ್ರದೀಪ! ಚಿಕ್ಕಬಳ್ಳಾಪುರದ ಒಂದು ಆಫೀಸಿನಲ್ಲಿ ಆಸ್ಪತ್ರೆಗಳಿಗೆ ಇಂಥ ಪರದೆ ಮಾಡಿಕೊಡುವುದೇ ಅವನ ಕೆಲಸ.

ನಮ್ಮ ಕಡೆ ಅಳಿಯ ಬಂದರೆ ಕೋಳಿ ಕೊಯ್ಯುತ್ತೇವೆ, ಮೊದಲ ಎಲೆ ಅವನಿಗೇ ಹಾಕುತ್ತೇವೆ. ಅಳಿಯನನ್ನು ಬೈಯುವ ಅತ್ತೆ ಇನ್ನೂ ಹುಟ್ಟಿರಲಿಲ್ಲ. ಆವತ್ತು ಮಗುವಿನ ಜೊತೆ ಅವಳೂ ಹುಟ್ಟಿದಳು.

"ಏನಪ್ಪಾ, ನಿಮ್ಮಮ್ಮ ನಿನ್ನ ಹೆತ್ತಿದ್ದೆಲ್ಲಿ?"

"ಚಿಂತಾಮಣೀಲಿ ಅತ್ತೆ, ಅಜ್ಜಿ ಮನೇಲಿ."

"ಮತ್ತೆ ನಿನ್ನ ಹೆಂಡ್ತಿ ಹೆರಿಗೆಗೆ ಎಲ್ಲಿಗೆ ಹೋಗ್ತಾಳೆ ಅಂತ ನಿಂಗೆ ಹೊಳೀಲಿಲ್ವಾ?"

"ಒಬ್ರಿಗೆ ಒಂದೇ ವಿಳಾಸ ಅಂತ ಆಫೀಸಲ್ಲಿ ತೀರ್ಮಾನ ಆಗಿತ್ತು. ನರ್ಸ್‌ಗಳನ್ನ ಕೇಳಕ್ಕೆ ಟೈಮ್ ಇರ್ಲಿಲ್ಲ."

ಟೈಮ್ ಇರಲಿಲ್ಲವಂತೆ! ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೋಗಿ ನೋಡಿ. ನೂಲು ತೆಗೆಯುವವರು ಒಂದು ಕೈಯಲ್ಲಿ ಗೂಡು ಹಿಡಿದು ತೂಗಿ ನೋಡುತ್ತಾ, ಇನ್ನೊಂದು ಕೈಯ ಹೆಬ್ಬೆರಳಲ್ಲೇ ಫೋನಿನಲ್ಲಿ ಹರಾಜಿಗೆ ಬೆಲೆ ಒತ್ತುತ್ತಾರೆ. ಗೂಡು ಕೊಳ್ಳುವವನ ಕೈಗೆ ಸಿಕ್ಕ ಮರ್ಯಾದೆ ಮಗು ಹಿಡಿಯುವವಳ ಕೈಗೆ ಇಲ್ಲವೇ? ದಾಖಲೆ ಬೇಡವೆಂದು ನಾನೆಲ್ಲಿ ಹೇಳಿದೆ? ಹಿಂದೆ ರಕ್ತದ ಗುಂಪು ಗೊತ್ತಾಗದೆ ಜೀವ ಬಿಟ್ಟ ಬಾಣಂತಿಯರನ್ನು ಕಂಡವಳು ನಾನು. ಬೇಕು. ಆದರೆ ಅದಕ್ಕೊಂದು ಹೊತ್ತಿದೆ. ಹುಳ ಹಣ್ಣಾದ ದಿನ ನಮ್ಮ ಮನೆಗೆ ಬನ್ನಿ. ಸೊಪ್ಪು ತಿನ್ನುವುದನ್ನು ಬಿಟ್ಟು, ಮೈ ಹೊಳೆಯುತ್ತಾ ಗೂಡು ಕಟ್ಟಲು ಜಾಗ ಹುಡುಕುತ್ತಿರುತ್ತವೆ. ಮನೆಮಂದಿಯೆಲ್ಲ ಆಯ್ದು ಆಯ್ದು, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಡುತ್ತೇವೆ. ನೆಂಟರು ಬಂದರೂ ಕೂತ್ಕೊಳ್ಳಿ ಎನ್ನುವುದಿಲ್ಲ, ನೀವೂ ಕೈ ಹಾಕಿ ಎನ್ನುತ್ತೇವೆ. ಲೆಕ್ಕ ಆಮೇಲೆ. ಹಣ್ಣಾದ ಹುಳ ಕಾಯುವುದಿಲ್ಲ. ಹೊಟ್ಟೆಯ ಕೂಸು ಕಾಯುತ್ತದೆಯೇ?

ಇವತ್ತು ಸಂಜೆ ಎಲ್ಲರೂ ಊಟಕ್ಕೆ ಕೂತೆವು. ನಮ್ಮ ಯಜಮಾನರು, ಮಗ, ಸೊಸೆ, ಮಂಚೇನಹಳ್ಳಿಯ ಬೀಗಿತ್ತಿ. ನಾಗವೇಣಿಯನ್ನೂ ಬಿಡದೆ ಕರೆಸಿದ್ದೆ. ಬಾಣಂತಿ ಒಳಕೋಣೆಯಲ್ಲಿ, ಬಾಗಿಲು ತೆರೆದು, ಮೆಣಸಿನ ಸಾರಿನ ಮುಂದೆ. ಅಳಿಯ ಮೊದಲ ಎಲೆಗೆ ಕೂರಲು ಹೊರಟ. ಅವನ ಕೈಗೆ ಸೌಟು ಕೊಟ್ಟೆ.

"ಇವತ್ತು ನೀನೇ ಬಡಿಸಪ್ಪಾ. ಆದ್ರೆ ಒಬ್ಬೊಬ್ರ ಹೆಸ್ರು, ಊರು, ವಯಸ್ಸು ಫೋನಲ್ಲಿ ಒತ್ತಿ ಆಮೇಲೆ ಸಾರು ಹಾಕು."

ಎಲ್ಲರೂ ನಕ್ಕರು. ಅವನೂ ನಗುತ್ತಲೇ ಶುರುಮಾಡಿದ. ಸಾರಿನ ಪಾತ್ರೆ ಕೆಳಗಿಡುತ್ತಾನೆ, ಕೈ ಒರೆಸುತ್ತಾನೆ, ಫೋನು ಒತ್ತುತ್ತಾನೆ, ಮತ್ತೆ ಪಾತ್ರೆ ಎತ್ತುತ್ತಾನೆ. ಎರಡನೇ ಎಲೆಗೆ ಬರುವಷ್ಟರಲ್ಲಿ ಫೋನಿನ ಮೇಲೆಲ್ಲ ಕೋಳಿ ಸಾರು.

"ನನ್ನ ಹೆಸ್ರು ಎಲ್ಲೂ ಓಡೋಗಲ್ಲ ಅಳಿಯಂದ್ರೇ," ಎಂದರು ನಮ್ಮ ಯಜಮಾನರು, "ಮುದ್ದೆ ಆರೋಗ್ತಿದೆ, ಮೊದ್ಲು ಸಾರು ಹುಯ್ಯಿ!"

ಪ್ರದೀಪ ಫೋನು ಕಿಟಕಿಯ ಮೇಲಿಟ್ಟ. ಅವನ ನಗು ನಿಂತಿತ್ತು. ಎಲ್ಲರಿಗೂ ಬಡಿಸಿ ಬಂದು ನಾಗವೇಣಿಯ ಪಕ್ಕದ ಎಲೆಗೆ ಕೂತ.

"ಸಿಸ್ಟರ್, ನಾಳೆ ನಿಮ್ ಡ್ಯೂಟಿ ಪೂರ್ತಿ ನಿಮ್ ಹಿಂದೇನೇ ಇರ್ತೀನಿ. ಯಾವ್ದು ಮೊದ್ಲು, ಯಾವ್ದು ಆಮೇಲೆ ಅಂತ ತೋರಿಸ್ತೀರಾ?"

"ಬನ್ನಿ ಸಾರ್," ಎಂದಳು ಅವಳು ಮುದ್ದೆ ಮುರಿಯುತ್ತಾ. "ಕೈ ತೊಳ್ಕೊಂಡು ಬನ್ನಿ, ಅಷ್ಟೆ."

ಒಳಗಿನಿಂದ ಸುಮಾಳ ಕಿಸಕ್ ಎಂಬ ನಗು ಕೇಳಿಸಿತು. ಹಿಂದೆಯೇ ನನ್ನ ಮೊಮ್ಮಗಳ ಅಳು.

ನನ್ನ ಕೋಪ ಇಳಿದಿಲ್ಲ. ಆ ಪರದೆ ಬದಲಾಗುವವರೆಗೆ ಇಳಿಸುವುದೂ ಇಲ್ಲ. ಆದರೂ ಅಳಿಯನ ಎಲೆಗೆ ತುಪ್ಪ ಹಾಕಿದೆ, ಹೆಸರು, ಊರು ಏನೂ ಕೇಳದೆ.