ಪೂಜೆಗಿಡದ ಸ್ಪ್ಯಾನರ್

ಆಯುಧಪೂಜೆಯ ದಿನ ನಮ್ಮ ಎದುರುಮನೆ ತಾತನ ಬಿಳಿ ಅಂಗಿಯ ಜೇಬು ಒಂದು ಸ್ಪ್ಯಾನರಿನ ಭಾರಕ್ಕೆ ಜೋತುಬಿದ್ದಿರುತ್ತಿತ್ತು. ಹೊಸ ತಿಪ್ಪಸಂದ್ರದ ನಮ್ಮ ಬೀದಿಯಲ್ಲಿ ಅವತ್ತು ಯಾರೂ ಉಪಕರಣ ಮುಟ್ಟುತ್ತಿರಲಿಲ್ಲ. ಸ್ಕೂಟರು, ಹೊಲಿಗೆಯಂತ್ರ, ಈಳಿಗೆಮಣೆ ಎಲ್ಲಕ್ಕೂ ಕುಂಕುಮ, ವಿಶ್ರಾಂತಿ. ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾಗಿದ್ದ ತಾತ ಆ ಒಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಪೂಜೆಗಿಡುತ್ತಿದ್ದರು.

ನಾನಾಗ ಇತಿಹಾಸದಲ್ಲಿ ಎಂ.ಎ. ಮುಗಿಸಿ, ಯಾರು ಏನು ಹೇಳಿದರೂ ಪುರಾವೆ ಕೇಳುತ್ತಿದ್ದ ಕಾಲ.

“ಇದಕ್ಯಾಕೆ ತಾತ ರಜಾ ಇಲ್ಲ?”

“ಅದು ಒಂದ್ಸಲ ತಗೊಂಡಿದ್ದ ರಜಾನೇ ಸಾಕಾಗಿದೆ ಕಣೋ.”

ಎರಡನೇ ಮಹಾಯುದ್ಧದ ಕಾಲ, ಅದೇ ಕಾರ್ಖಾನೆಯಲ್ಲಿದ್ದ ತಾತನಿಗೆ ಹದಿನೆಂಟು. ರಿಪೇರಿಯಾದ ಫೈಟರ್ ಬಾಂಬರ್ ವಿಮಾನವೊಂದನ್ನು ಬರ್ಮಾ ಗಡಿಗೆ ಒಯ್ಯಲು ಕೆನಡಾದ ಪೈಲಟ್ ಬಂದಿದ್ದ. ಅಂದು ಆಯುಧಪೂಜೆ. ಚಕ್ರದ ಮುಂದೆ ಒಡೆದ ಬೂದುಗುಂಬಳಕಾಯಿಯ ಕುಂಕುಮದ ನೀರು ಕಂಡು, “ಇದಕ್ಕೆ ರಕ್ತ ಇದೆಯಾ?” ಎಂದು ಬೆರಳಿಟ್ಟು ನೋಡಿದನಂತೆ. ಪ್ರಸಾದದ ಕಡ್ಲೆಪುರಿ ರುಚಿಸಿ ಎರಡೂ ಜೇಬಿಗೆ ತುಂಬಿಕೊಂಡನಂತೆ. ಆಮೇಲೆ ಪೆಟ್ರೋಲ್ ಪೈಪಿನ ಕೀಲಿನಲ್ಲಿ ಸೋರಿದ ತೇವ ತೋರಿಸಿದ. ಅದನ್ನು ಬಿಗಿ ಮಾಡಬೇಕಾದ ಈ ಸ್ಪ್ಯಾನರ್ ಪೂಜೆಯಲ್ಲಿತ್ತು. ನಾಳೆ ಬೆಳಿಗ್ಗೆ ಮೊದಲ ಕೆಲಸ ಇದೇ ಎಂದರು ತಾತ. “ನಿಮ್ಮ ದೇವರ ರಜಾ ನಾನ್ಯಾಕೆ ಕೆಡಿಸಲಿ?” ಎಂದು ಅವನೂ ನಕ್ಕ.

ಬೆಳಿಗ್ಗೆ ಹೋದರೆ ವಿಮಾನವಿರಲಿಲ್ಲ. ನಸುಕಿಗೇ ಹಾರಿತ್ತು. ಎಷ್ಟೋ ದಿನದ ಮೇಲೆ ಆ ಹುಡುಗ ಸತ್ತನೆಂಬ ಸುದ್ದಿ ಮಾತ್ರ ಬಂತು. ಎಂದು, ಹೇಗೆ, ಯಾರೂ ಹೇಳಲಿಲ್ಲ.

“ಅರ್ಧ ಸುತ್ತು ತಿರುಗಿಸಿದ್ರೆ ಆಗೋಗ್ತಿತ್ತು,” ಎನ್ನುವಾಗ ತಾತನ ಮಣಿಕಟ್ಟು ತಾನೇ ತಿರುಗುತ್ತಿತ್ತು.

ಹೇಳಿದಾಗೆಲ್ಲ ಕಥೆ ಬದಲಾಗುತ್ತಿತ್ತು. ಹುಡುಗನ ಕೂದಲು ಒಮ್ಮೆ ಕೆಂಪು, ಒಮ್ಮೆ ಹೊಂಬಣ್ಣ. ಕಡ್ಲೆಪುರಿ ಮಾತ್ರ ಬದಲಾಗಲಿಲ್ಲ. ವಿಮಾನದ ರಿಪೇರಿ ಚೀಟಿ, ಅಂದರೆ ಜಾಬ್ ಕಾರ್ಡಿನಲ್ಲಿದ್ದ ಅವನ ಹೆಸರೂ ಅಷ್ಟೆ. ಕುತೂಹಲ ತಡೆಯದೆ ಇಂದಿರಾನಗರದ ಸೈಬರ್ ಕೆಫೆಯೊಂದರಲ್ಲಿ ಕೂತು, ಯುದ್ಧದಲ್ಲಿ ಮಡಿದ ಕೆನಡಾದವರ ಪಟ್ಟಿ ಹುಡುಕಿದೆ. ಹೆಸರು ಸಿಕ್ಕಿತು. ಇಪ್ಪತ್ತೆರಡು ವರ್ಷ, ಬರ್ಮಾ, ನೆಲದಿಂದ ಹಾರಿಸಿದ ಗುಂಡಿಗೆ ಬಲಿ. ಸತ್ತದ್ದು ಆ ದಸರೆ ಕಳೆದು ಐದು ತಿಂಗಳಿಗೆ.

ಪ್ರಿಂಟ್ ತಂದು ಓದಿ ಹೇಳಿದೆ. ತಾತ ಕನ್ನಡಕ ತೆಗೆದು ಒರೆಸಿದರು.

“ಐದು ತಿಂಗಳಾ? ಹಂಗಾದ್ರೆ ಕ್ರಿಸ್‌ಮಸ್ ಮಾಡಿರ್ತಾನೆ, ಅಲ್ವೇನೋ?”

ಆ ವರ್ಷ ಸ್ಪ್ಯಾನರ್ ಮತ್ತೆ ಪೂಜೆಗೆ ಕೂತಿತು. ಮುಂದಿನ ದಸರೆಗೆ ತಾತ ಇರಲಿಲ್ಲ. “ನಿಮಗೇ ಕೊಡ್ಬೇಕು ಅಂತಿದ್ರು,” ಎಂದು ಅವರ ಸೊಸೆ ಅದನ್ನು ನನ್ನ ಕೈಗಿಟ್ಟರು.

ತಾತನಿಗೆ ಹೇಳದಿದ್ದದ್ದು ಒಂದಿದೆ. ಪಟ್ಟಿಯಲ್ಲಿ ಅದೇ ಹೆಸರಿನ ಇನ್ನೊಬ್ಬ ಪೈಲಟ್ ಇದ್ದ. ಆ ದಸರೆಯಾದ ವಾರದೊಳಗೆ ಸತ್ತವನು, ಕಾರಣ ತಿಳಿಯದು. ತಾತನ ಹುಡುಗ ಇಬ್ಬರಲ್ಲಿ ಯಾರೆಂದು ನನಗೆ ಗೊತ್ತಾಗಲಿಲ್ಲ. ಪ್ರಿಂಟ್ ತೆಗೆಸಿದ್ದು ಒಂದನ್ನೇ. ಅಥವಾ ಆ ಎರಡನೆಯವನನ್ನು ಆಮೇಲೆ ನನ್ನ ಅನುಮಾನವೇ ಹುಟ್ಟಿಸಿತೋ. ಮತ್ತೆ ಹುಡುಕಿದಾಗ ಆ ಪುಟವೇ ಸಿಗಲಿಲ್ಲ.

ಎಲ್ಲರ ಹತ್ತಿರ ಪುರಾವೆ ಕೇಳುತ್ತಿದ್ದ ನನ್ನಿಂದ ತಾತ ಯಾವ ಪುರಾವೆಯನ್ನೂ ಕೇಳಲಿಲ್ಲ. ಆಯುಧಪೂಜೆಯಂದು ಸ್ಪ್ಯಾನರಿಗೆ ಕುಂಕುಮವಿಟ್ಟು ಕೈಮುಗಿಯುತ್ತೇನೆ. ಆಮೇಲೆ ತೆಗೆದು ಜೇಬಿಗೆ ಹಾಕಿಕೊಳ್ಳುತ್ತೇನೆ.