ರಾಣಿಯ ಬಾಯಿಗೆ ದಾಸಿಯ ಮಾತು

ಇಂದು ಬೆಳಿಗ್ಗೆ ಹಳೆಯ ಕರಿ ಕೋಟನ್ನು ಬಿಸಿಲಿಗೆ ಹಾಕಲು ತೆಗೆದಾಗ ಅದರ ಒಳಜೇಬಿನಲ್ಲಿ ಜ್ಯೇಷ್ಠಮಧುವಿನ ಒಂದು ತುಂಡು ಸಿಕ್ಕಿತು. ಮೂಗಿಗೆ ಹಿಡಿದೆ. ಸ್ವಲ್ಪ ಸಿಹಿ, ಸ್ವಲ್ಪ ಮಣ್ಣು, ಸ್ವಲ್ಪ ಧೂಳು ಹಿಡಿದ ಪರದೆಯ ವಾಸನೆ. ನಿಮಗಾದರೆ ಇಂಥ ವಾಸನೆಯಿಂದ ಕಣ್ಣು ತೇವವಾದೀತು. ನನಗೆ ಸಿಟ್ಟು ಬಂತು. ಕಿಟಕಿಯಿಂದ ಆಚೆ ಎಸೆದೆ. ಅದು ಎದುರು ಮನೆಯವರ ಕಟ್ಟೆಯ ಮೇಲೆ ಬಿತ್ತು. ಹೋಗಿ ಎತ್ತಿಕೊಂಡು ಬರಬೇಕಾಯಿತು. ಎಪ್ಪತ್ತು ದಾಟಿದವನ ಸಿಟ್ಟಿಗೆ ಇಷ್ಟೇ ಬೆಲೆ.

ಜ್ಯೇಷ್ಠಮಧುವನ್ನು ಹಾಡುವವರು ಮಾತ್ರ ಅಗಿಯುವುದಿಲ್ಲ. ನಾಟಕದಲ್ಲಿ ಪರದೆಯ ಪಕ್ಕ ಪುಸ್ತಕ ಹಿಡಿದು ನಿಂತು, ಪಾತ್ರಧಾರಿಗಳಿಗೆ ಪಿಸುದನಿಯಲ್ಲಿ ಮಾತು ಕೊಡುವವನೂ ಅಗಿಯುತ್ತಾನೆ. ಗಂಟಲು ಒಣಗಿ ಅವನು ಕೆಮ್ಮಿದರೆ ರಾಜನ ಗಾಂಭೀರ್ಯ ಹಾಳು. ಇಳಕಲ್ಲಿನಲ್ಲಿ ಒಂದು ನೂಲಿನ ಅಂಗಡಿಯ ಗುಮಾಸ್ತನಾಗಿದ್ದುಕೊಂಡು ನಾನು ನಲವತ್ತು ವರ್ಷ ಈ ಕೆಲಸ ಮಾಡಿದೆ. ನಮ್ಮ ಓಣಿಯಲ್ಲಿ ಹೈಸ್ಕೂಲು ಮುಗಿಸಿದವನು ನಾನೊಬ್ಬನೇ, ಅದಕ್ಕೇ ಪುಸ್ತಕ ನನ್ನ ಕೈಗೆ ಬಂತು. ಒಮ್ಮೆಯೂ ಬಣ್ಣ ಹಚ್ಚಲಿಲ್ಲ. ಯಾರಾದರೂ ಕೇಳಿದರೆ, ನನಗೆ ಅದರ ಆಸೆಯಿಲ್ಲ ಅನ್ನುತ್ತಿದ್ದೆ. ಸುಳ್ಳು. ಬೇರೆಯವರ ಮಾತಿಗೆ ಚಪ್ಪಾಳೆ ಬಿದ್ದಾಗಲೆಲ್ಲ, ಅದು ನಾನು ಕೊಟ್ಟ ಮಾತು ಎಂದು ಕತ್ತಲೆಯಲ್ಲಿ ಹಲ್ಲು ಕಡಿದಿದ್ದೇನೆ.

ನಾವು ಮತ್ತೆ ಮತ್ತೆ ಆಡುತ್ತಿದ್ದುದು ಒಂದು ಕೈಬರಹದ ನಾಟಕ. ಬರೆದವರ ಹೆಸರು ಮೊದಲ ಹಾಳೆಯ ಜೊತೆಗೇ ಹರಿದುಹೋಗಿತ್ತು. ಬಾದಾಮಿಯ ಅರಮನೆಯೊಳಗಿನ ಜಗಳ ಅದು. ಅಣ್ಣ ತೀರಿದ ಮೇಲೆ, ಅವನ ಮಗ ದೊಡ್ಡವನಾಗುವ ತನಕ ಮಾತ್ರ ಎಂದು ಗಾದಿಯ ಮೇಲೆ ಕೂತ ತಮ್ಮ, ಮಗ ದೊಡ್ಡವನಾದರೂ ಏಳುವುದಿಲ್ಲ. ವಿಧವೆ ಅತ್ತಿಗೆ ತುಂಬಿದ ಸಭೆಗೆ ಬಂದು ಮೈದುನನನ್ನು ಪ್ರಶ್ನಿಸುತ್ತಾಳೆ. ಇದನ್ನು ನಾನು ಮನೆಯಲ್ಲಿ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ. ನನ್ನ ಹೆಂಡತಿ ನೀಲವ್ವ ಮಗ್ಗದಲ್ಲಿ ಕೂತು ಕೇಳುತ್ತಿದ್ದಳು. ಅವಳಿಗೆ ಓದು ಬಾರದು. ಆದರೆ ಕೆಲವೇ ತಿಂಗಳಲ್ಲಿ ರಾಣಿಯ ಮಾತೆಲ್ಲ ಅವಳಿಗೆ ಬಾಯಿಪಾಠವಾಯಿತು. ನೇಯುತ್ತ ಹೇಳುವಳು, ಮಾತು ಎಲ್ಲಿ ನಿಲ್ಲಬೇಕೋ ಅಲ್ಲಿ ಲಾಳಿಯೂ ನಿಲ್ಲುತ್ತಿತ್ತು. ನಾನು ದೊಡ್ಡ ಪಂಡಿತನಂತೆ ತಿದ್ದುತ್ತಿದ್ದೆ: "ಪಾತ್ರದಾಕಿಗಿ ಸ್ವಂತ ಬುದ್ಧಿ ಇರಬಾರ್ದು. ಬಾಜೂಕ ನಿಂತಾಂವ ಏನ ಕೊಡ್ತಾನ, ಅದ ಮಾತು."

"ಹೂಂರಿ," ಅನ್ನುತ್ತಿದ್ದಳು.

ಆಗ ಹೆಣ್ಣು ಪಾತ್ರಕ್ಕೆ ಹೊರ ಊರಿನ ನಟಿಯರನ್ನು ಕರೆಸುತ್ತಿದ್ದೆವು. ಮನೆಯ ಹೆಂಗಸು ಬಣ್ಣ ಹಚ್ಚುವ ಮಾತೇ ಇರಲಿಲ್ಲ. ಒಮ್ಮೆ ಮಹಾಕೂಟದ ದೇವಸ್ಥಾನಕ್ಕೆ ಹೋಗಿ ಬರುವಾಗ ಬಾದಾಮಿಯಲ್ಲಿ ಇಳಿದಿದ್ದೆವು. ಗುಡ್ಡ, ಗವಿ, ಹೊಂಡ ಎಲ್ಲ ತೋರಿಸಿದೆ. ಅವಳು ಕೇಳಿದ್ದು ಒಂದೇ: "ಆಕಿ ಎಲ್ಲಿ ನಿಂತು ಕೇಳಿದ್ಳರಿ, ಮೈದುನನ್ನ?" ನಾನು ನಕ್ಕುಬಿಟ್ಟೆ. ಅವಳು ಅದನ್ನು ಎಷ್ಟು ನಿಜವೆಂದುಕೊಂಡಿದ್ದಾಳೆಂದು ಅಂದೇ ನನಗೆ ತಿಳಿಯಬೇಕಿತ್ತು.

ಮೂರು ವರ್ಷದ ಹಿಂದೆ ಇಮ್ರಾನ ಮನೆಗೆ ಬಂದ. ತಲೆಮಾರುಗಳಿಂದ ನೂಲಿಗೆ ಬಣ್ಣ ಹಾಕುವವರ ಮನೆಯವನು. ಜಿಲ್ಲಾ ಕೇಂದ್ರದ ವಿದ್ಯಾಗಿರಿಯಲ್ಲಿ ಕಾಲೇಜು ಓದಿ ಬಂದು ಇಲ್ಲಿ ಒಂದು ನಾಟಕದ ತಂಡ ಕಟ್ಟಿದ್ದ. ಅದೇ ಹಳೆಯ ನಾಟಕವನ್ನು ಅಲ್ಲಲ್ಲಿ ಕತ್ತರಿಸಿ ಬಾದಾಮಿಯಲ್ಲಿ ಆಡಬೇಕೆಂದಿದ್ದ. "ಹೊರಗಿನವರನ್ನ ಕರಸೂದಿಲ್ಲ ಕಾಕಾ. ಊರಾನ ಹೆಣ್ಮಕ್ಕಳ ಆಡ್ಲಿ. ಐತವಾರ ಆಡಿಷನ್ ಇಟ್ಟೇವಿ. ಮಾತು ಕೊಡಾಕ ನೀವ ಬೇಕು."

ಅವನು ಹೋದ ಮೇಲೆ ನೀಲವ್ವ ರೊಟ್ಟಿ ಬಡಿಯುತ್ತಲೇ ಅಂದಳು: "ನಾನೂ ಬರ್ತೇನಿ."

"ಎಲ್ಲಿಗಿ?"

"ರಾಣಿ ಪಾತ್ರಕ್ಕ."

"ಅರವತ್ತೈದಾತು ನಿನಗ!"

"ಆಕಿ ಮಗಾ ಮೀಸಿ ಬಂದು ನಿಂತಾನ. ಆಕಿಗೇನ ಹದಿನೆಂಟೇನ್ರಿ?"

ಶಾಲೆಯ ಹಾಲಿನಲ್ಲಿ ಏಳೆಂಟು ಹೆಂಗಸರು ಬಂದಿದ್ದರು. ಒಬ್ಬಾಕೆ ಬ್ಯಾಂಕಿನವಳು, ಸೊಗಸಾಗಿ ಓದಿದಳು. ಕೊನೆಗೆ ನೀಲವ್ವ, ತಾನೇ ನೇಯ್ದ ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದು, ನಡುವೆ ಬಂದು ನಿಂತಳು. "ಅಂಜಬ್ಯಾಡ್ರಿ ಅಮ್ಮಾರ, ಕಾಕಾ ಬಾಜೂಕ ಅದಾರ," ಅಂದ ಇಮ್ರಾನ. "ನಾ ಯಾಕ ಅಂಜಲಿ?" ಅಂದಳು.

ಶುರು ಮಾಡಿದಳು. "ಮೈದುನಾ, ನಿನ್ನ ಅಣ್ಣ ಕಣ್ಣು ಮುಚ್ಚುವಾಗ ಮಗನ ಕೈಯನ್ನು ನಿನ್ನ ಕೈಯಲ್ಲಿ ಇಟ್ಟ..." ಫೋನು ನೋಡುತ್ತಿದ್ದವರು ತಲೆ ಎತ್ತಿದರು. ಇಮ್ರಾನ ಬರೆಯುವುದನ್ನು ನಿಲ್ಲಿಸಿದ. ನನಗೆ ಹೆಮ್ಮೆಯಾಗಬೇಕಿತ್ತು. ಆಗಿದ್ದು ಹೊಟ್ಟೆಯುರಿ. ನಾನು ನಲವತ್ತು ವರ್ಷ ನೆರಳಲ್ಲಿ ನಿಂತು ಕೊಟ್ಟ ಮಾತಿಗೆ ಇವಳೊಬ್ಬಳು ಎರಡು ನಿಮಿಷದಲ್ಲಿ ಒಡತಿಯಾದಳು.

ಅಲ್ಲಿ ಒಂದು ನಿಲುಗಡೆ ಇದೆ. ಆಮೇಲೆ ರಾಣಿ, "ಹಿಡಿದ ಕೈಯನ್ನೇ ಕಡಿಯುವೆಯಾ?" ಅನ್ನಬೇಕು. ನಾನು ಪುಸ್ತಕ ನೋಡಿಕೊಂಡೇ, ಮುಂದಿನ ಅಂಕದಲ್ಲಿ ಬರುವ ದಾಸಿಯ ಮಾತು ಕೊಟ್ಟೆ: "ಊಟಕ್ಕೆ ಏಳಿ ಪ್ರಭು, ಅಡಿಗೆ ಆರುತ್ತದೆ."

ನೀಲವ್ವ ಅರ್ಧ ಉಸಿರಿನಷ್ಟು ಹೊತ್ತು ನನ್ನ ಕಡೆ ನೋಡಿದಳು. ಆಮೇಲೆ ಅದೇ ಎತ್ತರದ ದನಿಯಲ್ಲಿ ಸಭೆಗೆ ಅಂದಳು: "ಊಟಕ್ಕೆ ಏಳಿ ಪ್ರಭು, ಅಡಿಗೆ ಆರುತ್ತದೆ."

ಹಾಲಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. "ರಾಣಿಗಿ ಹಸಿವ್ಯಾಗೇತ್ರೀ!" ಎಂದು ಯಾರೋ ಕೂಗಿದರು. ನಾನೂ ನಕ್ಕೆ. ಇದನ್ನು ಬರೆಯದೆ ಬಿಡಬಹುದಿತ್ತು. ಬಿಟ್ಟರೆ ಇಷ್ಟು ಬರೆದದ್ದೂ ಸುಳ್ಳಾಗುತ್ತದೆ. ಇನ್ನೊಮ್ಮೆ ಹೇಳಿಸೋಣವೇ ಎಂದು ಇಮ್ರಾನ ನನ್ನನ್ನೇ ಕೇಳಿದ. "ವಯಸ್ಸಾಗೇತಪಾ. ಸ್ಟೇಜಿನ ಮ್ಯಾಲ ಹಿಂಗ ಮರತ್ರ ಹೆಂಗ?" ಅಂದೆ. ಪಾತ್ರ ಬ್ಯಾಂಕಿನವಳಿಗೆ ಹೋಯಿತು. ಬಾದಾಮಿಯಲ್ಲಿ ನಾಟಕ ಗೆದ್ದಿತು. ನನಗೊಂದು ಶಾಲು ಹೊದಿಸಿದರು. ಹುಳ ತಿನ್ನಲಿ ಎಂದು ಅದನ್ನು ಮೂಲೆಗೆ ಎಸೆದಿದ್ದೇನೆ, ಹುಳವೂ ಮುಟ್ಟುತ್ತಿಲ್ಲ.

ನೀಲವ್ವ ಏನೂ ಕೇಳಲಿಲ್ಲ. ಆದರೆ ಮಗ್ಗದಲ್ಲಿ ರಾಣಿಯ ಮಾತು ನಿಂತುಹೋಯಿತು. ಮೂರು ವರ್ಷ ಬರೀ ಲಾಳಿಯ ಸಪ್ಪಳ. ನಾನು ಆ ಸಪ್ಪಳದ ಮೇಲೆ ರೇಗಿದೆ, ರೊಟ್ಟಿ ದಪ್ಪವಾಯಿತೆಂದು ರೇಗಿದೆ, ಓಣಿಯ ನಾಯಿಯ ಮೇಲೆ ರೇಗಿದೆ. ರೇಗಬೇಕಾದವನು ಕನ್ನಡಿಯಲ್ಲಿದ್ದ. ಹೋದ ತಿಂಗಳು ತಡೆಯಲಾರದೆ ಹೇಳಿಬಿಟ್ಟೆ: "ಅವತ್ತ ನಾ ಬೇಕಂತನ ತಪ್ಪು ಮಾತು ಕೊಟ್ಟೆ."

ಲಾಳಿ ನಿಂತಿತು. "ಬೇಕಂತನ?"

"ಹೂಂ. ನೀ ಗೆಲ್ಲಾಕತ್ತಿದ್ದಿ. ನನಗ ತಡ್ಯಾಕ ಆಗಲಿಲ್ಲ."

ಅವಳು ಎದ್ದು ಬಂದಳು. "ಖರೇ ಮಾತು ನನ್ನ ನಾಲಿಗಿ ಮ್ಯಾಲ ಇತ್ತು. ನೀವು ಕೊಟ್ರಿ ಅಂತ ಅದನ್ನ ನುಂಗಿ ನಿಮ್ಮದನ್ನ ಅಂದೆ. ನೀವು ಹಾಳಿ ತಪ್ಪಿ ತಿರುವಿರಬೇಕು, ಮಂದ್ಯಾಗ ಹೇಳಿದ್ರ ನಿಮ್ಮ ಮಾನ ಹೋಗ್ತೈತಿ ಅಂತ ಮೂರು ವರ್ಷ ಬಾಯಿ ಮುಚ್ಚೀನಿ. ನಿಮ್ಮ ಮಾನ!" ಶಾಲೆಯ ದಿಕ್ಕಿಗೆ ಕೈ ಮಾಡಿದಳು. "ಎಲ್ಲಿ ನಗಿಸಿದ್ರಿ, ಅಲ್ಲೇ ಹೋಗಿ ಹೇಳ್ರಿ."

ಮುಂದಿನ ಐತವಾರ ಇಬ್ಬರೂ ಹೋದೆವು. ಅದೇ ಹಾಲಿನಲ್ಲಿ ಇಮ್ರಾನನ ತಂಡ ಬೇರೊಂದು ನಾಟಕದ ತಾಲೀಮು ನಡೆಸಿತ್ತು. ನಿಲ್ಲಿಸಿ ಹೇಳಿದೆ. ಹುಡುಗರು ಮುಖ ಮುಖ ನೋಡಿಕೊಂಡರು. ಒಬ್ಬಾಕೆ "ಪಾಪ" ಅಂದಳು. ಇಮ್ರಾನ ನನ್ನ ಬೆನ್ನ ಮೇಲೆ ಕೈ ಇಟ್ಟು, "ಇರ್ಲಿ ಬಿಡ್ರಿ ಕಾಕಾ, ಆಗಿ ಹೋತು," ಅಂದ. ದಯವಿಟ್ಟು ನೀವೂ ಹಾಗೆ ಅನ್ನಬೇಡಿ. ಬೈಗುಳ ತಡೆಯಬಲ್ಲೆ, ಈ ಪುಕ್ಕಟೆ ಕ್ಷಮೆ ತಡೆಯಲಾರೆ.

ನೀಲವ್ವನಿಗೂ ಅದನ್ನು ತಡೆಯಲಾಗಲಿಲ್ಲ. "ಬಿಡ್ರಿ ಅನ್ನಾಕ ನೀ ಯಾರಪಾ? ಹೋಗಿದ್ದು ನಂದು." ಪ್ಲಾಸ್ಟಿಕ್ ಕುರ್ಚಿಯೊಂದನ್ನು ಎಳೆದು ನಡುವೆ ಇಟ್ಟಳು. ನನಗೆ ಅಂದಳು: "ಕುಂದರ್ರಿ. ಇದು ಗಾದಿ."

ಕೂತೆ. ಅವಳು ಎದುರು ನಿಂತು ಮೊದಲಿನಿಂದ ಕೊನೆಯ ತನಕ ಹೇಳಿದಳು. ನಾನು ಆ ಮಾತನ್ನು ಎಷ್ಟೋ ನಟಿಯರಿಗೆ ಕೊಟ್ಟಿದ್ದೇನೆ, ಆದರೆ ಪಕ್ಕದಲ್ಲಿ ನಿಂತು ಕಂಡದ್ದು ಅವರ ಬೆನ್ನು, ಕಿವಿ, ಜಡೆ. ಆ ಮಾತು ಎದುರಿನಿಂದ ಹೇಗೆ ಬಂದು ಬಡಿಯುತ್ತದೆ ಎಂದು ಗೊತ್ತಿರಲಿಲ್ಲ. ಬೆಳಕಿನಲ್ಲಿ ಕೂರುವ ನನ್ನ ಆಸೆ ಹೀಗೆ ತೀರಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಗಿಸಿ, ಸೆರಗು ಸರಿ ಮಾಡಿಕೊಂಡು, ಚಪ್ಪಲಿ ಮೆಟ್ಟಿ ಹೊರಟಳು.

ಓಣಿಯ ತಿರುವಿನಲ್ಲಿ ನಿಂತು ಕೇಳಿದಳು: "ಎಲ್ಲೆರ ತಪ್ಪಿತೇನು?"

ಇನ್ನು ಸುಳ್ಳು ಹೇಳಬಾರದಿತ್ತು. "ಒಂದ ಕಡೆ. 'ಭಿಕ್ಷೆಗೆ ಬಂದಿಲ್ಲ, ನನ್ನ ಮಗನ ಪಾಲನ್ನು ಬೇಡಲು ಬಂದಿದ್ದೇನೆ' ಅಂತ ಐತಿ. ನೀ 'ಕೇಳಲು' ಅಂದಿ."

"ಭಿಕ್ಷೆಗೆ ಬಂದಿಲ್ಲ ಅಂದಾಕಿ ಮತ್ತ ಬೇಡ್ತಾಳೇನು? ನಿಮ್ಮ ಪುಸ್ತಕದಾಗ ತಪ್ಪೈತಿ."

ಮನೆಗೆ ಬಂದು ಪುಸ್ತಕದಲ್ಲಿ ಆ ಶಬ್ದ ಹೊಡೆದುಹಾಕಿ ಅವಳದನ್ನು ಬರೆದೆ. "ಏನ ಬರದ್ರಿ? ಓದ್ರಿ," ಅಂದಳು. ಓದಿದೆ. "ಇನ್ನೊಮ್ಮೆ." ಇನ್ನೊಮ್ಮೆ ಓದಿದೆ. ಸಂಜೆ, ನಮ್ಮಲ್ಲೇ ಇದ್ದು ಶಾಲೆಗೆ ಹೋಗುವ ಮೊಮ್ಮಗಳು ಆಟ ಮುಗಿಸಿ ಬಂದಾಗ, ನೀಲವ್ವ ಪುಸ್ತಕ ಅವಳ ಕೈಗೆ ಕೊಟ್ಟು ಅದೇ ಸಾಲನ್ನು ಓದಿಸಿದಳು.

ಮದುವೆಯಾದ ದಿನದಿಂದ ಈ ಮನೆಗೆ ಬಂದ ಕಾಗದವನ್ನೆಲ್ಲ ನಾನೇ ಅವಳಿಗೆ ಓದಿ ಹೇಳಿದವನು. ಲಗ್ನಪತ್ರಿಕೆ, ದವಾಖಾನೆಯ ಚೀಟಿ, ಮಗಳ ಊರಿನ ಪತ್ರ. ಅವಳು ಒಮ್ಮೆಯೂ ಎರಡನೆಯ ಸಲ ಕೇಳಿದ್ದಿಲ್ಲ. ಇಂದು ಬೆಳಿಗ್ಗೆ ಕೋಟು ಬಿಸಿಲಿಗೆ ಹಾಕಿ ಒಳಗೆ ಬಂದಾಗ, ಅವಳ ಕಣ್ಣಿಗೆ ಬಿಡುವ ಔಷಧದ ಬಾಟಲಿಯ ಮೇಲಿನದನ್ನು ಓದಿ ಹೇಳಿದೆ: ದಿನಕ್ಕೆ ಮೂರು ಸಲ, ಎರಡೆರಡು ಹನಿ. ಅವಳು ಬಾಟಲಿ ಇಸಿದುಕೊಂಡು ಮೊಮ್ಮಗಳ ಮುಂದೆ ಹಿಡಿದಳು.

"ಅಜ್ಜಾ ಹೇಳಿದ್ದು ಬರೋಬರಿ ಐತಿ ಬಿಡಬೇ," ಅಂದಳು ಹುಡುಗಿ.

"ಇರ್ಲಿ. ನೀ ಓದು."